ಪಾಲಹಳ್ಳಿಯ ಸಕ್ಕರೆಯೂ ಲ್ಯಾಟಿನ್ ಧಾತುಗಳೂ

ಶ್ರೀರಂಗಪಟ್ಟಣಕ್ಕೆ ಅನತಿದೂರದಲ್ಲಿ, ಕಾವೇರಿಯ ಬಲದಂಡೆಯ ಮೇಲಿರುವ ಪಾಲಹಳ್ಳಿಯಲ್ಲಿ, 1847ರಷ್ಟು ಹಿಂದೆಯೇ, ಅಂದರೆ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಜನ್ಮ ತಾಳುವುದಕ್ಕೆ ಎಂಬತ್ತಾರು ವರ್ಷ ಮೊದಲೇ, ಗ್ರೋವ್ಸ್ ಕಂಪನಿಯವರು ‘ಅಷ್ಟಗ್ರಾಮ್ ಷುಗರ್ ವರ್ಕ್ಸ್’ ಎಂಬ ಕಾರ್ಖಾನೆಯೊಂದನ್ನು ಸ್ಥಾಪಿಸಿದ್ದರು. ಸುತ್ತಣ ರೈತರು ಆಲೆಮನೆಗಳಲ್ಲಿ ಕಾಯಿಸಿದ ಬೆಲ್ಲವನ್ನು ಕೊಂಡು ಶೋಧಿಸಿ ಸಕ್ಕರೆಯನ್ನಾಗಿ ಮಾಡುವುದೇ ಅದರ ಕಾರ್ಯ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆ ಸಕ್ಕರೆಗೆ ಬಹುಮಾನವೂ ಸಂದಿತು.

ಈ ಕಾರ್ಖಾನೆಯ ವ್ಯಾಪಾರಗಳನ್ನು ಇಂಗ್ಲಿಷಿನಲ್ಲಿ ವರ್ಣಿಸಹೊರಟವನು ಹೆಜ್ಜೆಹೆಜ್ಜೆಗೂ ಲ್ಯಾಟಿನ್ ಭಾಷೆಯ ಋಣಕ್ಕೆ ಒಳಗಾಗದೆ ವಿಧಿಯಿಲ್ಲ. ಹೆಸರಿನ ಕೊನೆಯ ‘ವರ್ಕ್ಸ್’ ಎಂಬುದೊಂದು ಮಾತ್ರ ಇಂಗ್ಲಿಷಿನ ಸ್ವಂತ ಮನೆಮಾತು. ಶುದ್ಧಿಗೊಳಿಸುವುದೆಂಬರ್ಥದ ‘ರಿಫೈನ್’ನಲ್ಲಿ ಅಡಗಿರುವುದು ‘ಫೀನಿಸ್’, ಎಂದರೆ ಕೊನೆ. ಕೊನೆಮುಟ್ಟಿಸಿದ್ದೇ ಪರಿಪೂರ್ಣವೆಂಬ ಭಾವ. ಅಚ್ಚಿಗೆ ಹೇಳುವ ‘ಮೋಲ್ಡ್’ ಬಂದದ್ದು ಸಣ್ಣ ಅಳತೆಯೆಂಬರ್ಥದ ‘ಮೊಡುಲುಸ್’ನಿಂದ, ಕಾಕಂಬಿಗೆ ಹೇಳುವ ‘ಮೊಲ್ಯಾಸಿಸ್’, ಜೇನಿನ ಹೆಸರಾದ ‘ಮೆಲ್’ನಿಂದ.

ಇವೆಲ್ಲಕ್ಕೂ ಹಿರಿಯದೆನ್ನಬೇಕಾದುದು ‘ಮ್ಯಾನುಫ್ಯಾಕ್ಚರ್’. ‘ಮಾನುಸ್’ ಎಂದರೆ ಕೈ, ‘ಫಾಕೆರೆ’ ಎಂದರೆ ಮಾಡುವುದು. ಕೈಯಿಂದ ಮಾಡಿದುದೆಂಬುದೇ ಮೂಲಾರ್ಥವಾಗಿದ್ದ ಈ ಮಾತು, ಆವಿಯಂತ್ರವು ಬಂದು ಕೈಯ ಪಾಲನ್ನು ಬಹುಮಟ್ಟಿಗೆ ಅಪಹರಿಸಿದ ಮೇಲೂ ತನ್ನ ಪದವಿಯನ್ನು ಬಿಟ್ಟುಕೊಡಲಿಲ್ಲ. ನಮ್ಮ ‘ಕೈಗಾರಿಕೆ’ಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. ‘ಇಂಡಸ್ಟ್ರಿ’ಯಾದರೋ ಮೊದಲಿಗೆ ವ್ಯಕ್ತಿಯ ಪರಿಶ್ರಮವನ್ನು ಸೂಚಿಸುತ್ತಿದ್ದು, ಸಂಸ್ಕೃತದ ‘ಉದ್ಯಮ’ದಂತೆಯೇ ಕಾಲಕ್ರಮದಲ್ಲಿ ಚಿಮಣಿಯುಳ್ಳ ಕಟ್ಟಡಗಳಿಗೆ ವರ್ಗವಾಯಿತು. ‘ಫಾಕೆರೆ’ಯ ಮೂಲವನ್ನು ಇನ್ನೂ ಹಿಂದಕ್ಕೆ ಅರಸಿದ ಭಾಷಾಶಾಸ್ತ್ರಜ್ಞರು ಅದನ್ನು ಸಂಸ್ಕೃತದ ‘ಧಾ’ ಧಾತುವಿಗೆ ಜ್ಞಾತಿಯೆಂದು ನಿರ್ಣಯಿಸಿರುವುದರಿಂದ, ಹಣೆಬರಹ ಬರೆಯುವ ವಿಧಾತನೂ ಸಿಳ್ಳು ಹಾಕುವ ಫ್ಯಾಕ್ಟರಿಯೂ ದೂರದ ದಾಯಾದಿಗಳೆಂದು ಹೇಳಿದರೆ ತಪ್ಪಾಗದು!

ಆ ‘ಫ್ಯಾಕ್ಟರಿ’ಯೂ ಆದಿಯಲ್ಲಿ ಏನನ್ನೂ ತಯಾರಿಸುತ್ತಿರಲಿಲ್ಲ. ವರ್ತಕಸಂಘದ ಪ್ರತಿನಿಧಿಯಾದ ‘ಫ್ಯಾಕ್ಟರ್’ ವಾಸಮಾಡುವ ಕೋಠಿಗೆ ಆ ಹೆಸರು. ಸೂರತ್ತಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತೆರೆದದ್ದು ಅಂಥ ಕೋಠಿಯನ್ನೇ, ಶ್ರೀರಂಗಪಟ್ಟಣದ ಟಿಪ್ಪೂ ಸುಲ್ತಾನನು ಮಸ್ಕತ್ತಿನಲ್ಲಿ ಇರಿಸಿಕೊಂಡಿದ್ದುದೂ ಅಂಥದನ್ನೇ.

ಆದರೆ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ತೋರುವುದು, ಕಬ್ಬಿನ ಗದ್ದೆಗೆ ಹಾಕುವ ಗೊಬ್ಬರದ ಇಂಗ್ಲಿಷ್ ಹೆಸರು. ‘ಮನ್ಯೂರ್’ ಎಂಬ ಈ ಶಬ್ದ ‘ಮಾನು ಓಪೆರಾರಿ’, ಎಂದರೆ ಕೈಯಿಂದ ದುಡಿ ಎಂಬ ಲ್ಯಾಟಿನ್ ಮಾತು ಫ್ರೆಂಚಿನಲ್ಲಿ ಸವೆದು ಉಳಿದ ರೂಪ. ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬನು ಭೂಮಿಯನ್ನು ‘ಮನ್ಯೂರ್’ ಮಾಡುತ್ತಾನೆಂದರೆ ಅದನ್ನು ಅನುಭವಿಸಿ ಉತ್ತು ಬಿತ್ತುತ್ತಾನೆಂದು ಅರ್ಥವಾಗುತ್ತಿತ್ತು. ಸಾಗುವಳಿಯ ಕೆಲಸದಿಂದ ಸಾಗುವಳಿಗೆ ಬೇಕಾದ ಸಾರಕ್ಕೆ, ಸಾರದಿಂದ ತಿಪ್ಪೆಗೆ ಅದು ಇಳಿದದ್ದು ತರುವಾಯ. ಅದೇ ಮೂಲದ ಇನ್ನೊಂದು ಕವಲಾದ ‘ಮನೂವರ್’ ಸೇನಾಪತಿಗಳ ಬಾಯಿಗೆ ಬಿದ್ದು ವ್ಯೂಹಚಾತುರ್ಯವಾಯಿತು. ಒಡಹುಟ್ಟಿದ ಈ ಎರಡು ಪದಗಳಲ್ಲಿ ಒಂದು ದಂಡಿಗೆ, ಒಂದು ಗದ್ದೆಗೆ ಹೋದಂತಾಯಿತು.

ಹೀಗೆ ಮಾಡುವ ಕ್ರಿಯೆಯ ಹೆಸರುಗಳು ರೋಮಿನಿಂದ ಹೊರಟು ಬಂದುವಾದರೂ, ಪಾಲಹಳ್ಳಿಯಲ್ಲಿ ಮಾಡಿದ ವಸ್ತುವಿನ ಹೆಸರು ನಡೆದದ್ದು ಎದುರು ದಿಕ್ಕಿನಲ್ಲಿ. ಸಂಸ್ಕೃತದ ‘ಶರ್ಕರಾ’ ಪಾರಸಿಕ ಮತ್ತು ಅರಬ್ಬೀ ಭಾಷೆಗಳ ಮೂಲಕ ಮಧ್ಯಯುಗದ ಲ್ಯಾಟಿನ್ನನ್ನು ಸೇರಿ, ಫ್ರೆಂಚನ್ನು ಹಾದು ‘ಷುಗರ್’ ಆಯಿತು. ಅದೇ ‘ಶರ್ಕರಾ’ ಮಲಯಾಳದ ಕರಾವಳಿಯಲ್ಲಿ ‘ಚಕ್ಕರ’ವಾಗಿ, ಪೋರ್ಚುಗೀಸರ ಹಡಗನ್ನೇರಿ, ಬೆಲ್ಲದ ಇಂಗ್ಲಿಷ್ ಹೆಸರಾದ ‘ಜಾಗರಿ’ಯಾಯಿತು. ಗ್ರೋವ್ಸ್ ಕಂಪನಿಯವರು ತಮ್ಮ ಲೆಕ್ಕದ ಪುಸ್ತಕದಲ್ಲಿ ಕೊಂಡದ್ದರ ಅಂಕಣಕ್ಕೂ ಮಾರಿದ್ದರ ಅಂಕಣಕ್ಕೂ ಬರೆಯಬೇಕಾಗಿದ್ದುದು, ಆ ಲೆಕ್ಕದಲ್ಲಿ, ಒಂದೇ ಪದವನ್ನು.