ಲೈಸೆನ್ಸ್ ಸಸ್ಪೆಂಡ್ ಆಗೈತಿ, ಸ್ವಂತ ಗಾಡಿನೂ ಇಲ್ಲ: ಹಂಗಾದ್ರ ಇನ್ಸೂರೆನ್ಸ್ ಯಾರ ಹೆಸರಿಗೆ? ಹೊರೆ ಯಾರ ತಲೆಗೆ?

ಗೋಕಾಕ: "ಕಾಕಾ, ಗಾಡಿ ಚಾವಿ ಕೊಡ್ರಿ. ಘಟಪ್ರಭಾ ಸ್ಟೇಷನ್ ತನಕಾ ಹೋಗಿ ಲಗೂನ ಬರತೀನಿ."

"ನಿನ್ನ ಲೈಸೆನ್ಸ್ ಸಸ್ಪೆಂಡ್ ಆಗೈತೆಲ್ಲೋ?"

"ನಿಮ್ಮ ಗಾಡಿಗೆ ಇನ್ಸೂರೆನ್ಸ್ ಐತೆಲ್ಲರೀ, ಮತ್ತೇನ ಚಿಂತಿ?"

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಊರಿನ ಕಟ್ಟೆಯ ಮೇಲೆ ಬೇಕಾದರೂ ಈ ಮಾತು ನಡೆಯಬಹುದು. ಚಾವಿ ಕೊಡುವವರು ಒಲ್ಲೆ ಅನ್ನಲು ಸಂಕೋಚ ಪಡುತ್ತಾರೆ, ತಗೊಳ್ಳುವವರು ಕೊನೆಯ ಮಾತನ್ನೇ ನಂಬಿ ಕಿಕ್ ಹೊಡೆಯುತ್ತಾರೆ. ಆದರೆ ಆ ಕೊನೆಯ ಮಾತಿನಲ್ಲೇ ತಪ್ಪಿದೆ. ಗಾಡಿಗೆ ವಿಮೆ ಇದ್ದರೂ, ಲೈಸೆನ್ಸ್ ಸಸ್ಪೆಂಡ್ ಆದವನು ಓಡಿಸಿ ಅಪಘಾತ ಮಾಡಿದರೆ ಕೊನೆಗೆ ದುಡ್ಡು ಕಕ್ಕಬೇಕಾಗುವುದು ಬಹಳ ಸಲ ಚಾವಿ ಕೊಟ್ಟ ಕಾಕಾನೇ. ಅದೂ ಸಾವಿರದ ಲೆಕ್ಕದಲ್ಲಿ ಅಲ್ಲ, ಲಕ್ಷದ ಲೆಕ್ಕದಲ್ಲಿ.

ಮೂರು ತಿಂಗಳು ಹೋಗೋದು ಹೆಂಗ?

ಲೈಸೆನ್ಸ್ ಅಮಾನತು ಅಂದ ಕೂಡಲೇ ಬಹಳ ಮಂದಿ ಕುಡಿದು ಓಡಿಸಿದ ಕೇಸು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದರೆ ದಂಡದ ಜೊತೆಗೆ 3 ತಿಂಗಳ ಅನರ್ಹತೆಯೂ ಇದೆ. ತ್ರಿಬಲ್ ರೈಡಿಂಗಿಗೂ ಅಷ್ಟೇ. ನಮ್ಮಲ್ಲಿ ದಂಡ ಕಟ್ಟಿ ಬಿಟ್ಟು ಬರುವುದೇ ರೂಢಿ ಆಗಿರುವುದರಿಂದ ಈ ಎರಡನೇ ಭಾಗ ಯಾರ ಗಮನಕ್ಕೂ ಬಂದಿಲ್ಲ.

ಇದಕ್ಕಿಂತ ಮೊದಲೇ, 2015ರಲ್ಲಿ, ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ ಎಲ್ಲ ರಾಜ್ಯಗಳಿಗೂ ಒಂದು ಸೂಚನೆ ಕೊಟ್ಟಿತ್ತು. ಅತಿವೇಗ, ಸಿಗ್ನಲ್ ಹಾರುವುದು, ಕುಡಿದು ಓಡಿಸುವುದು, ಓಡಿಸುವಾಗ ಮೊಬೈಲ್ ಹಿಡಿಯುವುದು, ಓವರ್‌ಲೋಡ್, ಸರಕು ವಾಹನದಲ್ಲಿ ಜನರನ್ನು ತುಂಬುವುದು: ಇವಕ್ಕೆಲ್ಲ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು ಮಾಡಬೇಕು ಎಂದು. ಕೊನೆಯ ಎರಡನ್ನು ಇನ್ನೊಮ್ಮೆ ಓದಿ. ಕಬ್ಬಿನ ಹಂಗಾಮಿನಲ್ಲಿ ಗುರ್ಲಾಪುರ ಕ್ರಾಸಿನಿಂದ ಸಂಕೇಶ್ವರದವರೆಗೆ ರಸ್ತೆಯಲ್ಲಿ ಕಾಣುವುದೇನು? ಚಿಂಚಲಿ ಮಾಯಕ್ಕನ ಜಾತ್ರೆಗೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಮಂದಿ ಹೋಗುವುದು ಯಾವುದರಲ್ಲಿ?

ಅಮಾನತು ಆದ ಅವಧಿಯಲ್ಲಿ ಲೈಸೆನ್ಸ್ ಕಾರ್ಡು ಕಿಸೆಯಲ್ಲೇ ಇದ್ದರೂ ಅದು ಕಾನೂನಿನ ಕಣ್ಣಿಗೆ ಇಲ್ಲದಂತೆ. ಹೊಸ ಲೈಸೆನ್ಸ್ ಪಡೆಯಲೂ ಬರುವುದಿಲ್ಲ. ಹುಕ್ಕೇರಿ ಕಡೆಯವರಿಗೆ ಗಡಿ ದಾಟಿ ಮಹಾರಾಷ್ಟ್ರದಲ್ಲಿ ಇನ್ನೊಂದು ಮಾಡಿಸೋಣ ಎಂಬ ಐಡಿಯಾ ಯಾರಾದರೂ ಕೊಟ್ಟರೆ ಕೇಳಬಾರದು. ದಾಖಲೆ ಈಗ ಕೇಂದ್ರದ ಸಾರಥಿ ವ್ಯವಸ್ಥೆಯಲ್ಲಿದೆ, ಮತ್ತು ಅನರ್ಹನಾದವನು ಅರ್ಜಿ ಹಾಕುವುದೇ ಒಂದು ಅಪರಾಧ. ಆ ಅವಧಿಯಲ್ಲಿ ಓಡಿಸಿದರೆ ಕಾಯ್ದೆಯ 182ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಗೊತ್ತಿದ್ದೂ ಗಾಡಿ ಕೊಟ್ಟ ಮಾಲಕನಿಗೆ 180ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಇದು ಸಣ್ಣ ಲೆಕ್ಕ. ದೊಡ್ಡದು ಮುಂದಿದೆ.

ಅಮೆರಿಕದಾಗ ಐತಿ, ನಮ್ಮಲ್ಲಿ ಇಲ್ಲ

ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಕುಡಿದು ಓಡಿಸಿ ಲೈಸೆನ್ಸ್ ಕಳಕೊಂಡವನು ಅದನ್ನು ಮರಳಿ ಪಡೆಯಲು ವಿಮಾ ಕಂಪನಿಯಿಂದ ಎಸ್‌ಆರ್-22 ಎಂಬ ಪ್ರಮಾಣಪತ್ರ ತರಬೇಕು. ಸ್ವಂತ ಕಾರು ಇಲ್ಲದವನಿಗೂ ಅಲ್ಲಿ 'ಮಾಲಕನಲ್ಲದವನ ಪಾಲಿಸಿ' ಸಿಗುತ್ತದೆ. ವಿಮೆ ಚಾಲಕನ ಬೆನ್ನಿಗೆ ಕಟ್ಟಿರುತ್ತದೆ. ಅವನ ದಾಖಲೆ ಕೆಟ್ಟದ್ದಿದ್ದರೆ ಪ್ರೀಮಿಯಂ ಏರುತ್ತದೆ.

ಭಾರತದಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಥರ್ಡ್ ಪಾರ್ಟಿ ವಿಮೆ ಗಾಡಿಯ ನಂಬರಿಗೆ ಅಂಟಿರುತ್ತದೆ. ಕೆಎ-49 ಅಂತ ಶುರುವಾಗುವ ನಂಬರ್ ಪ್ಲೇಟ್ ಇಲ್ಲದೆ, ಆರ್‌ಸಿ ಇಲ್ಲದೆ, ಬರೀ ಮನುಷ್ಯನ ಹೆಸರಿನ ಮೇಲೆ ಮೋಟಾರು ಪಾಲಿಸಿ ಆಗುವುದಿಲ್ಲ. ಪ್ರೀಮಿಯಂ ಕೂಡ ಚಾಲಕನ ಚಾಳಿ ನೋಡಿ ನಿಗದಿ ಆಗುವುದಿಲ್ಲ. ಅದನ್ನು ಎಂಜಿನ್ ಸಿಸಿ ನೋಡಿ ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂಪಾಯಿ, 1000 ಸಿಸಿ ಒಳಗಿನ ಕಾರಿಗೆ 2,094 ರೂಪಾಯಿ, ಮೇಲೆ ಜಿಎಸ್‌ಟಿ. ಹತ್ತು ವರ್ಷ ಒಂದೂ ಕೇಸಿಲ್ಲದ ಮಾಸ್ತರರಿಗೂ, ಮೂರು ಸಲ ಸಿಕ್ಕಿಬಿದ್ದವನಿಗೂ ಅದೇ ದರ. ಇದು ನ್ಯಾಯವೋ ಅಲ್ಲವೋ ಎಂಬ ಚರ್ಚೆ ಆಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಒಂದು ಸಮಿತಿ 2021ರಲ್ಲಿ, ಸಂಚಾರ ನಿಯಮ ಮುರಿದವರಿಗೆ ಪ್ರತ್ಯೇಕ ಹೆಚ್ಚುವರಿ ಪ್ರೀಮಿಯಂ ಹಾಕಬೇಕು, ಮೊದಲು ದಿಲ್ಲಿ ಭಾಗದಲ್ಲಿ ಪ್ರಯೋಗ ಮಾಡಬೇಕು ಎಂದು ಶಿಫಾರಸು ಮಾಡಿತ್ತು.

ಹಾಗಾಗಿ "ಲೈಸೆನ್ಸ್ ಸಸ್ಪೆಂಡ್ ಆದವರಿಗಂತಾನೇ ಸ್ಪೆಷಲ್ ಪಾಲಿಸಿ ಐತ್ರಿ, ಇಷ್ಟ ಕೊಟ್ರ ಮಾಡಿಸಿಕೊಡತೀನಿ" ಎಂದು ಯಾರಾದರೂ ಅಂದರೆ ಗಾಡಿ ನಂಬರ್ ಇಲ್ಲದ ಆ ಪಾಲಿಸಿ ಏನನ್ನು ಕವರ್ ಮಾಡುತ್ತದೆ ಎಂದು ಬರಹದಲ್ಲಿ ಕೇಳಬೇಕು. ಉತ್ತರ ಬರುವವರೆಗೆ ದುಡ್ಡು ಕೊಡಬಾರದು.

ಕಂಪನಿ ಮೊದಲು ಕೊಡತೈತಿ, ಆಮೇಲೆ ಮನಿಗೆ ಬರತೈತಿ

ಈಗ ದೊಡ್ಡ ಲೆಕ್ಕ. ಮನೆಯಲ್ಲಿರುವ ಯಾವುದೇ ಪಾಲಿಸಿ ತೆಗೆದು 'ಡ್ರೈವರ್' ಎಂಬ ಕಲಂ ಹುಡುಕಿ. ಮಾಲಕ ಸೇರಿ ಯಾರು ಬೇಕಾದರೂ ಓಡಿಸಬಹುದು, ಆದರೆ ಅಪಘಾತದ ಹೊತ್ತಿಗೆ ಅವರ ಬಳಿ ಚಾಲ್ತಿ ಲೈಸೆನ್ಸ್ ಇರಬೇಕು ಮತ್ತು ಅವರು ಲೈಸೆನ್ಸ್ ಹೊಂದಲು ಅನರ್ಹಗೊಂಡಿರಬಾರದು ಎಂಬ ಅರ್ಥದ ಸಾಲು ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಡೀ ಪಾಲಿಸಿಯಲ್ಲಿ ಓದಲೇಬೇಕಾದ ಸಾಲು ಅದೊಂದು. ಅದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರೆ ಎಷ್ಟೋ ಮನೆ ಉಳಿಯುತ್ತಿದ್ದವು.

ಒಂದು ಉದಾಹರಣೆ ಹಿಡಿಯಿರಿ. ಕಲ್ಲೋಳಿ ಕಡೆಯ ಒಬ್ಬ ಹುಡುಗನ ಲೈಸೆನ್ಸ್ ಅಮಾನತಿನಲ್ಲಿದೆ. ಅಣ್ಣನ ಬೈಕ್ ತಗೊಂಡು ಹೋಗಿ ಸಂಜೆ ಮಬ್ಬಿನಲ್ಲಿ ರಸ್ತೆ ದಾಟುತ್ತಿದ್ದವರೊಬ್ಬರಿಗೆ ಗುದ್ದಿದ, ಅವರು ತೀರಿಕೊಂಡರು. ಅಣ್ಣನ ಬೈಕಿಗೆ ವಿಮೆ ಚಾಲ್ತಿಯಲ್ಲಿದೆ. ಮೃತರ ಮನೆಯವರು ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋದರು, 10 ಲಕ್ಷ ರೂಪಾಯಿ ಮತ್ತು ಬಡ್ಡಿ ಕೊಡಲು ಆದೇಶ ಆಯಿತು ಎಂದುಕೊಳ್ಳಿ.

ಕಂಪನಿ "ಚಾಲಕನಿಗೆ ಲೈಸೆನ್ಸ್ ಇರಲಿಲ್ಲ, ನಾವು ಕೊಡಲ್ಲ" ಎಂದು ಪೂರ್ತಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. 2004ರಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಂಪನಿ ಮತ್ತು ಸ್ವರಣ್ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ವಿವರವಾಗಿ ಹೇಳಿದೆ. 2020ರಲ್ಲಿ ನಮ್ಮ ಹೈಕೋರ್ಟಿನ ಪೂರ್ಣಪೀಠವೂ ಅದೇ ದಾರಿ ಹಿಡಿದಿದೆ. ಸತ್ತವರ ಮನೆಯವರದ್ದೇನು ತಪ್ಪು? ಅವರಿಗೆ ಕಂಪನಿ ಮೊದಲು ದುಡ್ಡು ಕೊಡಬೇಕು. ಆಮೇಲೆ ಪಾಲಿಸಿ ಷರತ್ತು ಮುರಿದ ಮಾಲಕನಿಂದ ವಸೂಲಿ ಮಾಡಿಕೊಳ್ಳಬಹುದು. ಕೋರ್ಟ್ ಆವರಣದಲ್ಲಿ ವಕೀಲರು ಇದಕ್ಕೆ 'ಪೇ ಆ್ಯಂಡ್ ರಿಕವರ್' ಅನ್ನುತ್ತಾರೆ.

ಆ ಎರಡನೇ ಭಾಗವೇ ಅಣ್ಣನ ಮನೆ ಬಾಗಿಲಿಗೆ ಬರುವುದು. ನ್ಯಾಯಮಂಡಳಿಯ ಆದೇಶದ ಹಣವನ್ನು ಜಿಲ್ಲಾಧಿಕಾರಿ ಮೂಲಕ ಭೂಕಂದಾಯ ಬಾಕಿಯ ಹಾಗೆ ವಸೂಲಿ ಮಾಡಲು ಕಾಯ್ದೆಯ 174ನೇ ಕಲಂ ಅವಕಾಶ ಕೊಡುತ್ತದೆ. ಭೂಕಂದಾಯ ಬಾಕಿ ಅಂದರೆ ಹೊಲದ ಉತಾರದವರೆಗೆ ಬರುವ ಮಾತು. ತಮ್ಮ ಹತ್ತು ನಿಮಿಷಕ್ಕೆ ಒಯ್ದ ಬೈಕು, ಅಣ್ಣನ ಎರಡೆಕರೆ ಕಬ್ಬಿನ ಹೊಲ.

ಅಣ್ಣನಿಗೆ ಒಂದು ದಾರಿ ಇದೆ. ಮಾಲಕ ನಿರ್ಲಕ್ಷ್ಯ ಮಾಡಿದ್ದಾನೆ ಎಂದು ತೋರಿಸುವ ಹೊಣೆ ಕಂಪನಿಯ ಮೇಲಿದೆ. ಮಾಲಕ ಲೈಸೆನ್ಸ್ ನೋಡಿ, ಓಡಿಸಲು ಬರುತ್ತದೆ ಎಂದು ಖಾತ್ರಿ ಮಾಡಿಕೊಂಡು ಕೊಟ್ಟಿದ್ದರೆ ಅಷ್ಟು ಸಾಕು, ಆರ್‌ಟಿಒ ಕಚೇರಿಗೆ ಹೋಗಿ ತನಿಖೆ ಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಇದು ಗೂಡ್ಸ್ ಗಾಡಿ ಇಟ್ಟುಕೊಂಡ ಅಂಗಡಿಕಾರರಿಗೆ ನೆರವಾಗುವ ಮಾತು. ಹೊಸ ಡ್ರೈವರ್ ಬಂದರೆ ಲೈಸೆನ್ಸಿನ ಝೆರಾಕ್ಸ್ ತೆಗೆದಿಟ್ಟುಕೊಳ್ಳಿ, ಎಂ-ಪರಿವಾಹನ್ ಆ್ಯಪಿನಲ್ಲಿ ಒಮ್ಮೆ ನೋಡಿ. ಆದರೆ ಒಂದೇ ಮನೆಯಲ್ಲಿ ಉಣ್ಣುವ ತಮ್ಮನ ಲೈಸೆನ್ಸ್ ಅಮಾನತಾಗಿದ್ದು ಗೊತ್ತೇ ಇರಲಿಲ್ಲ ಎಂದರೆ ನ್ಯಾಯಾಧೀಶರು ನಂಬಬೇಕಲ್ಲ?

ಓಡಿಸಿದವನಿಗೇ ಏನಾದರೂ ಆದರೆ?

ಇದಕ್ಕೆ ನಮ್ಮ ಉತ್ತರ ಕರ್ನಾಟಕದ್ದೇ ಒಂದು ಪ್ರಕರಣ ಇದೆ. ಒಬ್ಬಾತ ಬೇರೆಯವರ ಬೈಕ್ ಎರವಲು ತಗೊಂಡು ಇಳಕಲ್ಲಿನಿಂದ ತನ್ನ ಊರಿಗೆ ಹೊರಟಿದ್ದ. ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಒಮ್ಮೆಲೇ ನಿಂತಿತು. ಬೈಕ್ ಹೋಗಿ ಗುದ್ದಿತು, ಆತ ತೀರಿಕೊಂಡ. ಅಲ್ಲಿ ಲೈಸೆನ್ಸ್ ಅಮಾನತಿನ ತಕರಾರಿರಲಿಲ್ಲ. ಆದರೂ 2009ರಲ್ಲಿ ಸುಪ್ರೀಂ ಕೋರ್ಟ್, ಎರವಲು ತಗೊಂಡವನು ಮಾಲಕನ ಜಾಗದಲ್ಲೇ ನಿಂತಂತೆ, ಯಾರ ತಪ್ಪೆಂದು ತೋರಿಸದೆ ಪರಿಹಾರ ಕೇಳುವ 163ಎ ಕಲಂ ಅಡಿ ಆ ಬೈಕಿನ ವಿಮೆಯಿಂದ ಅವನ ಮನೆಯವರು ಕೇಳಲಾಗದು ಎಂದಿತು. ಥರ್ಡ್ ಪಾರ್ಟಿ ಅಂದರೆ ಮೂರನೆಯವನು. ಹ್ಯಾಂಡಲ್ ಹಿಡಿದವನು ಮೂರನೆಯವನಲ್ಲ.

ಪಾಲಿಸಿ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಇವನಿಗಲ್ಲ. ಅದು ಮಾಲಕ-ಚಾಲಕನಿಗೆ, ಅದೂ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಮಾತ್ರ. ಸ್ವಂತ ಗಾಡಿ ಇದ್ದು ಲೈಸೆನ್ಸ್ ಅಮಾನತಾದವನು ತನ್ನದೇ ಗಾಡಿ ಓಡಿಸಿದರೂ ಅದು ಕೈಗೆ ಬರುವುದಿಲ್ಲ.

"ಹಂಗಾದ್ರ ಹಿಂದ ಕೂತು ಹೋಗತೀನಿ" ಎಂಬುದು ಸರಿಯಾದ ನಿರ್ಧಾರ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ಆ 714 ರೂಪಾಯಿಯದ್ದು, ಬೈಕಿನ ಹಿಂದಿನ ಸವಾರನನ್ನು ಕವರ್ ಮಾಡುವುದಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫುಲ್ ಇನ್ಸೂರೆನ್ಸ್ ಅಂತ ಜನ ಕರೆಯುವ ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂದಿನವನಿಗೂ ರಕ್ಷಣೆ ಇದೆ. ಎದುರಿನ ಗಾಡಿಯ ತಪ್ಪಿದ್ದರೆ ಆ ಗಾಡಿಯ ವಿಮೆಯಿಂದ ಕೇಳಬಹುದು.

ಸ್ವಂತ ಗಾಡಿ ಖರೇ ಇಲ್ಲೋ?

ಇನ್ನೊಂದು ಗುಂಪಿನವರಿದ್ದಾರೆ. "ನಂದೇನ ಗಾಡಿ ಇಲ್ಲರೀ, ಮಾರಿ ವರ್ಷಾತು" ಅನ್ನುವವರು. ಬಾಂಡ್ ಪೇಪರಿನ ಮೇಲೆ ಸಹಿ ಹಾಕಿ, ದುಡ್ಡು ಎಣಿಸಿ, ಗಾಡಿ ಕೊಟ್ಟಿರುತ್ತಾರೆ. ಆರ್‌ಸಿಯಲ್ಲಿ ಹೆಸರು ಇನ್ನೂ ಅವರದೇ ಇರುತ್ತದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿಗೆ ಅವನೇ ಮಾಲಕ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ನಾಲ್ಕಾರು ಕೈ ದಾಟಿತ್ತು. ಆದರೂ ಹೊಣೆ ಬಂದಿದ್ದು ಆರ್‌ಸಿಯಲ್ಲಿದ್ದ ಹೆಸರಿಗೆ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಫಾರಂ 29 ಮತ್ತು 30 ಕೊಡಬೇಕು. ಲೈಸೆನ್ಸ್ ಹೋಯಿತೆಂದು ಗಾಡಿ ಮಾರಲು ಹೊರಟವರು ಇದನ್ನು ಮುಗಿಸಿಯೇ ಚಾವಿ ಕೊಡಬೇಕು.

ಹಾಗೆ ಮಾರುವಾಗ ಕಂಪನಿಯಿಂದ ನೋ ಕ್ಲೇಮ್ ಬೋನಸ್ಸಿನ ಪತ್ರ ಬರೆಸಿಕೊಳ್ಳಲು ಮರೆಯಬಾರದು. ಆ ಬೋನಸ್ ಗಾಡಿಯದ್ದಲ್ಲ, ಮಾಲಕನದ್ದು. ಮೂರು ವರ್ಷದೊಳಗೆ ಇನ್ನೊಂದು ಗಾಡಿ ತಗೊಂಡರೆ ಅದನ್ನು ಬಳಸಬಹುದು. ಗಾಡಿ ಮಾರದೆ ಮನೆಯಲ್ಲೇ ನಿಲ್ಲಿಸಿಕೊಂಡವರು ವಿಮೆ ತಪ್ಪಿಸಬಾರದು. ಅವಧಿ ಮುಗಿದು 90 ದಿನ ದಾಟಿದರೆ ಬೋನಸ್ ಹೋಗುತ್ತದೆ. ವಿಮೆ ಇಲ್ಲದ ಗಾಡಿ ರಸ್ತೆಗೆ ಇಳಿದರೆ ಮೊದಲ ಸಲ 2,000, ಎರಡನೇ ಸಲ 4,000 ರೂಪಾಯಿ ದಂಡ, ಜೈಲಿಗೂ ಅವಕಾಶ ಇದೆ.

ಹಂಗಾದ್ರ ಮಾಡೋದೇನು?

ಅಮಾನತು ಆದೇಶ ಮಾಡುವ ಮೊದಲು ನಿಮ್ಮ ಮಾತು ಕೇಳಬೇಕು ಎಂದು 19ನೇ ಕಲಂ ಹೇಳುತ್ತದೆ. ನೋಟಿಸ್ ಬಂದರೆ ಉತ್ತರ ಬರೆದುಕೊಡಿ, ಸುಮ್ಮನೆ ಕೂರಬೇಡಿ. ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದೇಶದ ಪ್ರತಿಯಲ್ಲಿ ಎಂದಿನಿಂದ ಎಂದಿನವರೆಗೆ ಎಂಬ ತಾರೀಖು ನೋಡಿ ಗುರುತು ಹಾಕಿಕೊಳ್ಳಿ. ತಾರೀಖು ಮುಗಿದ ಕೂಡಲೇ ಓಡಿಸಲು ಶುರು ಮಾಡದೆ, ಲೈಸೆನ್ಸ್ ಮರಳಿ ಪಡೆಯಲು ಮರುತರಬೇತಿ ಬೇಕೇ ಎಂದು ಗೋಕಾಕ ಆರ್‌ಟಿಒ ಕಚೇರಿಯಲ್ಲಿ, ಅಥವಾ ನಿಮ್ಮ ಲೈಸೆನ್ಸ್ ಯಾವ ಕಚೇರಿಯದ್ದೋ ಅಲ್ಲಿ ಕೇಳಿ. 2019ರ ತಿದ್ದುಪಡಿ ಅಂಥ ತರಬೇತಿಯ ಮಾತು ಆಡಿದೆ. ಸಾರಥಿ ಪೋರ್ಟಲಿನಲ್ಲಿ ಲೈಸೆನ್ಸ್ ಚಾಲ್ತಿಯಲ್ಲಿದೆ ಎಂದು ಕಂಡ ಮೇಲೆಯೇ ಹ್ಯಾಂಡಲ್ ಹಿಡಿಯುವುದು ಲೇಸು.

ಗಾಡಿ ಇಲ್ಲದವನು ತನ್ನ ಹೆಸರಿನ ಮೇಲೆ ಮಾಡಿಸಿಕೊಳ್ಳಬಹುದಾದ ವಿಮೆ ಒಂದೇ ಬಗೆಯದ್ದು, ವೈಯಕ್ತಿಕ ಅಪಘಾತ ವಿಮೆ. ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವಯಸ್ಸಿನವರು ಸೇರಬಹುದು, ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ. ಹೆಚ್ಚು ಬೇಕೆಂದರೆ 2021ರ ಏಪ್ರಿಲ್‌ನಿಂದ ಕಂಪನಿಗಳು ಮಾರುತ್ತಿರುವ ಸರಳ ಸುರಕ್ಷಾ ಬಿಮಾ ಇದೆ, ಮೊತ್ತ ಎರಡೂವರೆ ಲಕ್ಷದಿಂದ ಒಂದು ಕೋಟಿವರೆಗೆ. ಇವು ನಿಮ್ಮ ಜೀವಕ್ಕೆ, ನಿಮ್ಮ ಕೈಕಾಲಿಗೆ. ನೀವು ಬೇರೆಯವರಿಗೆ ಗುದ್ದಿದರೆ ಇವು ಒಂದು ರೂಪಾಯಿಯನ್ನೂ ಅವರಿಗೆ ಕೊಡುವುದಿಲ್ಲ.

ಇನ್ನು ಚಾವಿ ಕೇಳಿಸಿಕೊಳ್ಳುವ ಕಾಕಾಗಳು. "ಇಲ್ಲ" ಅನ್ನಲು ಮನಸ್ಸು ಬಾರದಿದ್ದರೆ ತಾವೇ ಮುಂದೆ ಕೂತು ಘಟಪ್ರಭಾಕ್ಕೆ ಬಿಟ್ಟು ಬರಬಹುದು. ಪೆಟ್ರೋಲ್ ಬೇಕಾದರೆ ಹುಡುಗನೇ ಹಾಕಿಸಲಿ.