ಗಂಟೆಯ ಲೆಕ್ಕ, ಧರೆಯ ಲೆಕ್ಕ

ಮಲೆನಾಡು, ಕರಾವಳಿಯ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮಣ್ಣು ಅಗೆಯುವ ಹಿಟಾಚಿ ಸಿಗುವುದೇ ಕಷ್ಟ. ಮಳೆ ಹಿಡಿಯುವ ಮೊದಲು ಮನೆಗೆ ಜಾಗ ಸಮ ಮಾಡಬೇಕು, ತೋಟಕ್ಕೆ ಪಿಕಪ್ ಹೋಗುವಷ್ಟು ದಾರಿ ಕಡಿಯಬೇಕು, ಕೆರೆಯ ಹೂಳು ತೆಗೆಸಬೇಕು. ಎಲ್ಲರಿಗೂ ಬೇಕಾಗಿರುವುದು ಅದೇ ಎರಡು ತಿಂಗಳು. ವಾರಗಟ್ಟಲೆ ಫೋನ್ ಮಾಡಿ, ಪರಿಚಯದವರಿಂದ ಹೇಳಿಸಿ, ಕೊನೆಗೊಂದು ಮಷಿನ್ ಟ್ರೇಲರ್‌ನಿಂದ ಇಳಿದು ಜಾಗಕ್ಕೆ ಬಂತೆಂದರೆ ಅವರ್ ಮೀಟರ್ ಓಡತೊಡಗುತ್ತದೆ. ಬಾಡಿಗೆ ಗಂಟೆಗಿಷ್ಟು. ಆಪರೇಟರ್‌ನ ಬಾಟಾ ಬೇರೆ.

ಆಮೇಲಿನ ಮಾತುಕತೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ.

“ಹೇಗೂ ಮಷಿನ್ ಬಂದಿದೆ, ಇನ್ನೆರಡು ಅಡಿ ಒಳಗೆ ತಗೊಳ್ಳಿ ಮಾರಾಯ್ರೆ.”

“ತೆಗೀಬಹುದು ಅಣ್ಣ. ಆದ್ರೆ ಮೇಲಿಂದ ಓರೆ ಮಾಡ್ಕೊಂಡು ಬರ್ಬೇಕು. ನೆಟ್ಟಗೆ ಬಿಟ್ರೆ ಮಳೆಗೆ ನಿಲ್ಲೋದಿಲ್ಲ ಇದು.”

“ಅದಕ್ಕೆಷ್ಟು ಗಂಟೆ ಬೇಕು?”

“ಇವತ್ತಿಗೆ ಮುಗಿಯೋದಿಲ್ಲ.”

“ಹಾಗಾದ್ರೆ ಈಗ ಇಷ್ಟು ಮಾಡಿ. ಓರೆ ಮಾಡೋದು ಮುಂದಿನ ವರ್ಷ ನೋಡುವ.”

ಮಣ್ಣು ಅಗೆಯುವ ಯಂತ್ರದ ಸುರಕ್ಷತೆ ಎಂದರೆ ನಮಗೆ ತಕ್ಷಣ ಹೊಳೆಯುವುದು ಹೆಲ್ಮೆಟ್ಟು, ಮಿನುಗುವ ಜಾಕೆಟ್ಟು, ಆಪರೇಟರ್‌ನ ಎಚ್ಚರ. ಅವು ಬೇಕು, ತಕರಾರಿಲ್ಲ. ಆದರೆ ನನ್ನ ಮಟ್ಟಿಗೆ ಅವಘಡದ ಬೀಜ ಬೀಳುವುದು ಮೇಲಿನ ಐದು ಮಾತುಗಳಲ್ಲಿ. ಆಪರೇಟರ್‌ನ ಕೈಯಲ್ಲಿರುವುದು ಎರಡು ಲಿವರ್. ಎಷ್ಟು ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುವವರು ಕೊಡೆ ಹಿಡಿದು ಪಕ್ಕದಲ್ಲಿ ನಿಂತ ದುಡ್ಡು ಕೊಡುವವರು. ಏನಾದರೂ ಆದಾಗ ಪೊಲೀಸ್ ಠಾಣೆಯಲ್ಲಿ ಮೊದಲು ಬರೆಯುವ ಹೆಸರು ಮಾತ್ರ ಆಪರೇಟರ್‌ನದು.

ಕರಾವಳಿಯ ಗುಡ್ಡವನ್ನು ಕಡಿದರೆ ಮೇಲ್ಗಡೆ ಗಟ್ಟಿ ಮುರಕಲ್ಲಿನ ಪದರ ಕಾಣುತ್ತದೆ. ಅದರಡಿಯಲ್ಲಿ ಬಿಳಿ, ನಸುಗೆಂಪು, ಹಳದಿ ಬಣ್ಣ ಬೆರೆತ ಶೇಡಿ ಮಣ್ಣು. ಬೇಸಿಗೆಯಲ್ಲಿ ಈ ಶೇಡಿ ಆಪರೇಟರ್‌ಗೂ ಮನೆಯವರಿಗೂ ಮೋಸ ಮಾಡುವಷ್ಟು ಸಾಧು. ಬಕೆಟ್ಟಿನ ಹಲ್ಲು ಗೆರೆ ಎಳೆದಂತೆ ಇಳಿಯುತ್ತದೆ, ಇಪ್ಪತ್ತಡಿ ಎತ್ತರದ ಧರೆ, ಅಂದರೆ ಕಡಿದ ಗುಡ್ಡದ ಬದಿ, ಗಾರೆ ಮಾಡಿದ ಗೋಡೆಯ ಹಾಗೆ ನೆಟ್ಟಗೆ, ನುಣ್ಣಗೆ ನಿಲ್ಲುತ್ತದೆ. ನೋಡಿದವರು ‘ಎಂಥಾ ಕೆಲಸಗಾರ’ ಎಂದು ಹೊಗಳಿ ಹೋಗುತ್ತಾರೆ. ಜೂನ್ ಬಂದಾಗ ಮುರಕಲ್ಲಿನ ತೂತುಗಳಿಂದ ನೀರು ಕೆಳಗಿಳಿಯುತ್ತದೆ. ಶೇಡಿ ಅದನ್ನು ಕುಡಿಯುತ್ತದೆ, ಕುಡಿದಷ್ಟೂ ಬಲ ಕಳೆದುಕೊಳ್ಳುತ್ತದೆ. ತಳ ಮೆತ್ತಗಾದ ಮೇಲೆ ಮೇಲಿನ ಮುರಕಲ್ಲು ಎಷ್ಟೇ ಗಟ್ಟಿ ಇದ್ದರೂ ಒಂದೇ ಸಲಕ್ಕೆ ಕೂರುತ್ತದೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜರಿದು ರಸ್ತೆಬದಿಯ ಹೋಟೆಲನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿದ್ದು ಎಲ್ಲರಿಗೂ ನೆನಪಿದೆ. ಹಲವರು ಜೀವ ಕಳೆದುಕೊಂಡರು. ನದಿಯಲ್ಲಿ ಮುಳುಗಿದ್ದ ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಹೆದ್ದಾರಿ ಅಗಲ ಮಾಡಲು ಗುಡ್ಡವನ್ನು ಕಡಿದ ರೀತಿಯ ಬಗ್ಗೆ ಆಗ ಸಾಕಷ್ಟು ಪ್ರಶ್ನೆಗಳೆದ್ದವು. ಯಾರೂ ಹೆಚ್ಚು ಮಾತಾಡದ ಸಂಗತಿ ಇನ್ನೊಂದಿದೆ: ಆ ಮಣ್ಣು ತೆಗೆಯಲು ಬಂದ ಹಿಟಾಚಿ ಆಪರೇಟರ್‌ಗಳು ಸುರಿಯುವ ಮಳೆಯಲ್ಲಿ ಅದೇ ಜರಿದ ಗುಡ್ಡದ ಬುಡದಲ್ಲಿ ಕೂತು ಕೆಲಸ ಮಾಡಿದರು. ಅವರ ನೆತ್ತಿಯ ಮೇಲೆ ಇದ್ದದ್ದು ಇನ್ನೂ ಪೂರ್ತಿ ಇಳಿಯದ ಗುಡ್ಡ.

ಲೆಕ್ಕಗಳು ಇಲ್ಲವೆಂದಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆಯ ಪ್ರಕಾರ ಚರಂಡಿ ಅಥವಾ ಗುಂಡಿ 1.5 ಮೀಟರ್‌ಗಿಂತ ಆಳವಾದರೆ ಬದಿಗಳನ್ನು ಓರೆ ಮಾಡಬೇಕು, ಇಲ್ಲವೇ ಹಲಗೆ ಕೊಟ್ಟು ನಿಲ್ಲಿಸಬೇಕು. ತೆಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧದಷ್ಟು, ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಗಣಿಗಳಿಗೆಂದು ಮಾಡಿದ 1961ರ ನಿಯಮಾವಳಿಯಲ್ಲೂ ಮೆದು ಮಣ್ಣಿನ ಮೆಟ್ಟಿಲು 1.5 ಮೀಟರ್‌ಗಿಂತ ಎತ್ತರ ಇರಬಾರದು, ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು ಎಂದಿದೆ. ಮೆಟ್ಟಿಲು ಬೇಡವೆಂದರೆ 45 ಡಿಗ್ರಿಗಿಂತ ಕಡಿದಾಗದ ಓರೆ. 1.5 ಮೀಟರ್ ಎಂದರೆ ಐದಡಿ. ಹೆಚ್ಚುಕಡಿಮೆ ನಿಂತ ಮನುಷ್ಯನ ಗದ್ದದ ಮಟ್ಟ. ಇಷ್ಟು ಬಿಗಿ ಯಾಕೆಂದರೆ, ಒಂದು ಘನ ಮೀಟರ್ ಒದ್ದೆ ಮಣ್ಣು ಹತ್ತಿರ ಹತ್ತಿರ 2 ಟನ್ ತೂಗುತ್ತದೆ. ಎದೆಯವರೆಗೆ ಹೂತರೆ ಸಾಕು, ಮುಖ ಹೊರಗಿದ್ದರೂ ಉಸಿರೆಳೆಯಲು ಆಗುವುದಿಲ್ಲ. ಬಳ್ಳಾರಿಯ ಗಣಿಯಲ್ಲಿ ಈ ನಿಯಮ ನೋಡಲು ಅಧಿಕಾರಿ ಬರುತ್ತಾರೆ. ಮನೆಯ ಹಿಂದಿನ ಧರೆಗೆ ಯಾರೂ ಬರುವುದಿಲ್ಲ, ಗಂಡಾಂತರ ಎರಡಕ್ಕೂ ಒಂದೇ ಆದರೂ.

ಇನ್ನು ಯಂತ್ರ. ನಮ್ಮಲ್ಲಿ ಚೈನ್ ಇದ್ದದ್ದೆಲ್ಲ ಹಿಟಾಚಿ, ಟೈರ್ ಇದ್ದದ್ದೆಲ್ಲ ಜೆಸಿಬಿ, ಕಂಪನಿ ಯಾವುದಾದರೂ ಸರಿ. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ 1945ರಲ್ಲಿ ಶುರು ಮಾಡಿದ ಜೆಸಿಬಿ ಕಂಪನಿ 1979ರಲ್ಲಿ ಹರಿಯಾಣದ ಬಲ್ಲಭಗಢಕ್ಕೆ ಬಂತು. ಟಾಟಾ ಹಿಟಾಚಿಯ ಕಾರ್ಖಾನೆ ನಮ್ಮ ಧಾರವಾಡದಲ್ಲೇ ಇದೆ. ಬಿಇಎಂಎಲ್ ಹುಟ್ಟಿದ್ದು 1964ರಲ್ಲಿ, ಅದರ ದೈತ್ಯ ಯಂತ್ರಗಳು ಕೆಜಿಎಫ್‌ನಲ್ಲಿ ತಯಾರಾಗುತ್ತವೆ. ಹೀಗೆ ಯಂತ್ರ ಮಾಡುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಅದನ್ನು ನಡೆಸುವುದನ್ನು ಕಲಿಸುವುದರಲ್ಲಿ ಮಾತ್ರ ಇವತ್ತಿಗೂ ನೆಚ್ಚಿಕೊಂಡಿರುವುದು ಹೆಲ್ಪರ್ ಪದ್ಧತಿಯನ್ನು.

ಹೆಲ್ಪರ್ ಆಗಿ ಸೇರಿದ ಹುಡುಗ ಗ್ರೀಸ್ ಹೊಡೆಯುತ್ತಾನೆ, ಡೀಸೆಲ್ ತರುತ್ತಾನೆ. ಆಪರೇಟರ್ ಊಟಕ್ಕೆ ಹೋದಾಗ ಸೀಟಿನಲ್ಲಿ ಕೂತು ಲಿವರ್ ಆಡಿಸುತ್ತಾನೆ. ವರ್ಷ ಕಳೆಯುವುದರೊಳಗೆ ಅವನೇ ಆಪರೇಟರ್. ಈ ಪದ್ಧತಿಯಲ್ಲಿ ಕೈ ಪಳಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಬಕೆಟ್ಟಿನ ಒಂದೇ ಹಲ್ಲಿನಿಂದ ನೀರಿನ ಪೈಪಿನ ಮೇಲಿನ ಮಣ್ಣನ್ನು ಪೈಪ್ ಮುಟ್ಟದೆ ಗೀರಿ ತೆಗೆಯುವವರನ್ನು ನೋಡಿದ್ದೇನೆ. ಪಳಗದೆ ಉಳಿಯುವುದು ಲೆಕ್ಕಾಚಾರ. ಒಂದು ಉದಾಹರಣೆ: ಲಿವರ್‌ಗಳಿಗೆ ಎರಡು ಪದ್ಧತಿಗಳಿವೆ. ಒಂದರಲ್ಲಿ ಬೂಮ್, ಅಂದರೆ ಯಂತ್ರದ ದೊಡ್ಡ ತೋಳು, ಬಲಗೈಯಲ್ಲಿ, ಇನ್ನೊಂದರಲ್ಲಿ ಎಡಗೈಯಲ್ಲಿ. ಒಂದಕ್ಕೆ ಒಗ್ಗಿದ ಕೈ ಮತ್ತೊಂದು ಮಷಿನ್ ಹತ್ತಿದ ದಿನ ನಿಧಾನವಾಗಿ ಕೆಲಸ ಮಾಡುವಾಗ ಸರಿಯಾಗಿಯೇ ಇರುತ್ತದೆ. ಯಾರೋ ಕೂಗಿ, ಗಾಬರಿಯಾದ ಆ ಅರೆಕ್ಷಣದಲ್ಲಿ ಹಳೆಯ ಅಭ್ಯಾಸಕ್ಕೆ ಮರಳುತ್ತದೆ. ಮೇಲೇಳಬೇಕಾದ ಬೂಮ್ ನಿಂತಲ್ಲೇ ಇರುತ್ತದೆ, ಅದರ ತುದಿಯ ಸಣ್ಣ ತೋಳು ಆಡುತ್ತದೆ. ಹೊಸ ಮಷಿನ್ ಹತ್ತಿದವರಿಗೆ ಖಾಲಿ ಜಾಗದಲ್ಲಿ ಅರ್ಧ ಗಂಟೆ ಸುಮ್ಮನೆ ಲಿವರ್ ಆಡಿಸಲು ಬಿಡಬೇಕು ಎನ್ನುವುದು ಇದಕ್ಕೇ. ಆ ಅರ್ಧ ಗಂಟೆಯೂ ಮೀಟರ್‌ನಲ್ಲಿ ಓಡುತ್ತದಲ್ಲ, ಕೊಡುವವರು ಯಾರು?

ಅಂಚಿನ ಹತ್ತಿರ ಕೆಲಸ ಮಾಡುವಾಗ ಒಳ್ಳೆಯ ಆಪರೇಟರ್ ಚೈನನ್ನು ಅಂಚಿನ ಉದ್ದಕ್ಕೆ ನಿಲ್ಲಿಸುವುದಿಲ್ಲ, ಅಂಚಿಗೆ ಎದುರಾಗಿ ನಿಲ್ಲಿಸುತ್ತಾನೆ. ಚೈನ್ ತಿರುಗಿಸುವ ದೊಡ್ಡ ಹಲ್ಲಿನ ಚಕ್ರ ಹಿಂದೆ ಇರಬೇಕು. ಮಣ್ಣು ಬಿರುಕು ಬಿಟ್ಟಿತೆಂದರೆ ತಿರುಗುವ ಗೋಜಿಲ್ಲದೆ ನೇರ ಹಿಂದಕ್ಕೆ ಓಡಬಹುದು. ತಾನು ನಿಂತ ನೆಲದ ಅಡಿಯನ್ನೇ ಕೊರೆಯುವುದಿಲ್ಲ. ಇಳಿಜಾರಿನಲ್ಲಿ ತುಂಬಿದ ಬಕೆಟ್ಟನ್ನು ತಗ್ಗಿನ ಕಡೆಗೆ ತಿರುಗಿಸುವುದಿಲ್ಲ. ಇಷ್ಟೆಲ್ಲ ಮಾಡಿಯೂ ಯಂತ್ರ ವಾಲಿತೆಂದರೆ ನೆನಪಿಡಬೇಕಾದದ್ದು ಒಂದೇ: ಹಾರಬಾರದು. ಕ್ಯಾಬಿನ್ನು ಉರುಳಿದರೂ ಅಪ್ಪಚ್ಚಿಯಾಗದ ಹಾಗೆ ಕಟ್ಟಿದ್ದರೆ, ಬೆಲ್ಟ್ ಹಾಕಿ ಒಳಗೇ ಕೂತವರು ಉಳಿಯುತ್ತಾರೆ. ಹಾರಿದವರು ಸಿಕ್ಕಿಕೊಳ್ಳುವುದು ಅದೇ ಕ್ಯಾಬಿನ್ನಿನ ಅಡಿಯಲ್ಲಿ. ಜೆಸಿಬಿಯ ಬೆಲ್ಟನ್ನು ಸೀಟಿನ ಹಿಂದೆ ಸಿಕ್ಕಿಸಿ ಅದರ ಮೇಲೆ ಕೂರುವವರು ಇದನ್ನೊಮ್ಮೆ ಯೋಚಿಸಲಿ.

ನಿಂತು ನೋಡುವವರ ಪಾಡು ಬೇರೆ. ನಮ್ಮೂರುಗಳಲ್ಲಿ ಜೆಸಿಬಿ ಅಗೆಯುವುದು ನೋಡಲು ಜನ ಸೇರುತ್ತಾರೆ ಎಂಬುದು 2019ರಲ್ಲಿ ದೇಶಕ್ಕೇ ತಮಾಷೆಯಾಯಿತು. ನೋಡುವವರ ಕಣ್ಣು ಬಕೆಟ್ಟಿನ ಮೇಲಿರುತ್ತದೆ. ಅದೇ ಹೊತ್ತಿಗೆ ಹಿಟಾಚಿಯ ಹಿಂಭಾಗ, ಟನ್‌ಗಟ್ಟಲೆ ತೂಕದ ಕಬ್ಬಿಣದ ಗಡ್ಡೆ, ಸದ್ದಿಲ್ಲದೆ ಅವರ ಕಡೆಗೆ ಸುತ್ತಿ ಬರುತ್ತಿರುತ್ತದೆ. ಅದಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಎರಡಡಿ ಜಾಗವಿದ್ದರೆ ಅದು ನಿಲ್ಲುವ ಜಾಗವಲ್ಲ. ಬೂಮ್ ಅಡ್ಡ ಬರುವುದರಿಂದ ಆಪರೇಟರ್‌ಗೆ ಬಲಬದಿ ಕಾಣುವುದೇ ಕಡಿಮೆ; ಅವನು ನಿಮ್ಮ ಕಣ್ಣನ್ನು ನೋಡಿ ತಲೆಯಾಡಿಸುವ ತನಕ ನೀವು ಅವನಿಗೆ ಕಂಡಿಲ್ಲ ಎಂದೇ ತಿಳಿಯಬೇಕು. ಚುನಾವಣೆ ಬಂದರೆ ಇದೇ ಜೆಸಿಬಿಗಳು ಹೂ ಸುರಿಸಲು ಹೋಗುತ್ತವೆ. ಬಕೆಟ್ಟಿನಲ್ಲಿ ನಾಲ್ಕು ಹುಡುಗರು, ಕೆಳಗೆ ನಾಯಕರು, ಸುತ್ತ ಸಾವಿರ ಜನ. ಹೈಡ್ರಾಲಿಕ್ ಹೋಸ್ ಒಂದು ಒಡೆದರೆ ಬಕೆಟ್ಟಿನಲ್ಲಿ ನಿಂತವರನ್ನು ಹಿಡಿಯಲು ಏನೂ ಇಲ್ಲ. ಮನುಷ್ಯರನ್ನು ಎತ್ತಲು ಮಾಡಿದ ಯಂತ್ರವಲ್ಲ ಅದು ಎಂದು ಹೇಳುವ ಧೈರ್ಯ ಬಾಡಿಗೆಗೆ ಬಂದ ಆಪರೇಟರ್‌ಗೆ ಎಲ್ಲಿಂದ ಬರಬೇಕು?

ಹೋಸ್ ಎಂದಾಗ ನೆನಪಾಯಿತು. ಎಣ್ಣೆ ಸೋರುತ್ತಿರುವ ಸಣ್ಣ ತೂತನ್ನು ಬೆರಳಿನಿಂದ ತಡವಿ ಹುಡುಕುವ ಅಭ್ಯಾಸ ಹೆಲ್ಪರ್‌ಗಳಲ್ಲಿದೆ. ಹಿಟಾಚಿಯೊಳಗಿನ ಎಣ್ಣೆಯ ಒತ್ತಡ 300 ಬಾರ್ ಮೀರುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಸೇರುತ್ತದೆ. ಮೇಲೆ ಕಾಣುವುದು ಸೊಳ್ಳೆ ಕಚ್ಚಿದಂಥ ಚುಕ್ಕೆ, ನೋವೂ ಮೊದಮೊದಲು ಅಷ್ಟಿರುವುದಿಲ್ಲ. ಅದೇ ದಿನ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ. ತೂತು ಹುಡುಕಲು ಬೆರಳಿನ ಬದಲು ರಟ್ಟಿನ ತುಂಡು ಹಿಡಿದರೆ ಸಾಕು.

ಕರೆಂಟಿನ ವಿಷಯಕ್ಕೆ ಬಂದರೆ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ರಸ್ತೆ ದಾಟುವ 11 ಕೆವಿ ತಂತಿ ನೆಲದಿಂದ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕು ಎನ್ನುತ್ತದೆ ನಿಯಮ. 20 ಟನ್ ವರ್ಗದ ಹಿಟಾಚಿ ಬೂಮನ್ನು ಪೂರ್ತಿ ಎತ್ತಿದರೆ ಬಕೆಟ್ಟು 9 ಮೀಟರ್ ದಾಟುತ್ತದೆ. ತೋಟದ ಮೇಲೆ ಜೋತುಬಿದ್ದ ಲೈನಿನ ಕತೆ ಹೇಳುವುದೇ ಬೇಡ. ತಂತಿ ಮುಟ್ಟಲೇಬೇಕೆಂದೂ ಇಲ್ಲ, ಹತ್ತಿರ ಹೋದರೆ ಸಾಕು. ಅದಕ್ಕೇ ಅಮೆರಿಕದ ನಿಯಮ 50 ಕೆವಿವರೆಗಿನ ಲೈನಿಗೆ 10 ಅಡಿ ದೂರ ಕೇಳುತ್ತದೆ. ಲೈನಿನ ಕೆಳಗೆ ಅಗೆಯಲೇಬೇಕೆಂದರೆ ಮೆಸ್ಕಾಂನಿಂದಲೋ ಹೆಸ್ಕಾಂನಿಂದಲೋ ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದ ಖಾತ್ರಿ, ತೆಗೆದುಕೊಳ್ಳಬೇಕು. ತಾಗಿಯೇ ಹೋಯಿತು ಎನ್ನಿ, ಆಪರೇಟರ್ ಕ್ಯಾಬಿನ್ನಿನಿಂದ ಇಳಿಯಬಾರದು, ಯಾರೂ ಯಂತ್ರ ಮುಟ್ಟಲು ಓಡಿಬರಬಾರದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ಯಂತ್ರ ಮುಟ್ಟದಂತೆ ಹಾರಿ, ಕಾಲು ಜೋಡಿಸಿಕೊಂಡೇ ಪುಟ್ಟಪುಟ್ಟದಾಗಿ ಸರಿಯಬೇಕು. ದಾಪುಗಾಲು ಹಾಕಿದರೆ ಎರಡು ಪಾದಗಳ ನಡುವಿನ ನೆಲದ ವೋಲ್ಟೇಜ್ ವ್ಯತ್ಯಾಸವೇ ಕೊಲ್ಲುತ್ತದೆ. ನೆಲದೊಳಗಿನ ಕೇಬಲ್, ಗ್ಯಾಸ್ ಪೈಪ್‌ಗಳಿಗಾಗಿ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಟ್ಟಿದೆ. ಪೇಟೆಯಲ್ಲಿ ಅಗೆಸುವವರು ಅದನ್ನು ಬಳಸಬೇಕು, ಹಳದಿ ಪೈಪ್ ಕಂಡಲ್ಲಿ ಬಕೆಟ್ ನಿಲ್ಲಿಸಬೇಕು.

ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದ್ದರೆ ಇದೇ ಯಂತ್ರ ಏನು ಮಾಡಬಲ್ಲದು ಎಂಬುದನ್ನು 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ನೋಡಿದೆವು. ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವಿಗಾಗಿ ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿದರು. ಮಗುವಿನ ಮೇಲೆ ಮಣ್ಣು ಉದುರಬಾರದು, ನೆಲ ಹೆಚ್ಚು ಅದುರಬಾರದು. ಹತ್ತಿರ ಹೋದಂತೆ ದೊಡ್ಡ ಯಂತ್ರ ಹಿಂದೆ ಸರಿಯಿತು, ಮನುಷ್ಯರ ಕೈ ಮುಂದೆ ಬಂತು. ಸುಮಾರು ಇಪ್ಪತ್ತು ಗಂಟೆಗಳ ನಂತರ ಮಗು ಜೀವಂತವಾಗಿ ಹೊರಬಂತು. ಅಲ್ಲಿ ‘ಇನ್ನೆರಡು ಅಡಿ ತಗೊಳ್ಳಿ’ ಎನ್ನುವವರು ಯಾರೂ ಇರಲಿಲ್ಲ.

ಆಪರೇಟರ್‌ಗಳಿಗೆ ತರಬೇತಿ, ಪ್ರಮಾಣಪತ್ರ ಕೊಡಿಸಲು ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಎಂಬ ಸಂಸ್ಥೆ ಇದೆ. ಬೆಂಗಳೂರಿನ ತುಮಕೂರು ರಸ್ತೆಯ ಎಕ್ಸ್‌ಕಾನ್ ಮೇಳದಲ್ಲಿ ಎರಡು ವರ್ಷಕ್ಕೊಮ್ಮೆ ಕ್ಯಾಮೆರಾ, ಸೆನ್ಸರ್ ಇರುವ ಯಂತ್ರಗಳು ಬಂದು ನಿಲ್ಲುತ್ತವೆ. ಒಳ್ಳೆಯದೇ. ಆದರೆ ಧರೆಗೆ ಓರೆ ಬೇಡ ಎನ್ನುವ ಮಾಲೀಕನನ್ನು ತಡೆಯುವ ಸೆನ್ಸರ್ ಇನ್ನೂ ಬಂದಿಲ್ಲ. ಹಾಗಾಗಿ ಈ ಬೇಸಿಗೆಯಲ್ಲಿ ಮಷಿನ್ ತರಿಸುವವರಲ್ಲಿ ನನ್ನದೊಂದು ಕೋರಿಕೆ. ಮೀಟರ್ ಓಡುವ ಮೊದಲು ಆಪರೇಟರ್‌ನ ಜೊತೆ ಜಾಗವನ್ನೊಮ್ಮೆ ಸುತ್ತಿ ಬನ್ನಿ. ಮೇಲಿನ ತಂತಿ, ಕೆಳಗಿನ ಪೈಪು, ಮಕ್ಕಳು ಆಡುವ ಕಡೆ ಎಲ್ಲವನ್ನೂ ತೋರಿಸಿ. ಅವನು ಬೇಡ ಎಂದ ಕಡೆ ಒತ್ತಾಯ ಮಾಡಬೇಡಿ. ಓರೆಗೆ ಬೇಕಾದ ಗಂಟೆಗಳ ದುಡ್ಡನ್ನು ಮೊದಲೇ ಎತ್ತಿಡಿ, ಅಷ್ಟು ದುಡ್ಡಿಲ್ಲದಿದ್ದರೆ ಈ ವರ್ಷ ಗುಡ್ಡಕ್ಕೆ ಕೈ ಹಾಕಬೇಡಿ.