ಎರಡು ಭಾಷೆಯ ಶಾಲೆ: ಸೇರಿಸುವ ಮುನ್ನ

ಏಪ್ರಿಲ್ ಮುಗಿಯುವ ಹೊತ್ತಿಗೆ ಕಲಬುರಗಿಯ ಬ್ರಹ್ಮಪುರದ ಓಣಿಗಳಲ್ಲಿ ಬಿಸಿಲಿನ ಮಾತಿನ ಜೊತೆಗೆ ಶಾಲೆಯ ಮಾತೂ ಶುರುವಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ, ಕಮಲಾಪುರದ ಸುತ್ತಣ ತಾಂಡಾಗಳಿಂದ ಮಕ್ಕಳ ಓದಿಗಾಗಿಯೇ ಈ ನಗರಕ್ಕೆ ಬಂದು ಬಾಡಿಗೆ ಮನೆ ಹಿಡಿಯುವವರು ಅನೇಕರು. ಬಾಡಿಗೆ, ಶುಲ್ಕ, ಬಸ್ಸಿನ ಖರ್ಚು ಎಲ್ಲ ಲೆಕ್ಕ ಹಾಕಿದ ಮೇಲೂ ಒಂದು ಪ್ರಶ್ನೆ ಉಳಿದೇ ಬಿಡುತ್ತದೆ: ಮಗುವನ್ನು ಯಾವ ಭಾಷೆಯ ಶಾಲೆಗೆ ಹಾಕಬೇಕು?

ಕನ್ನಡ ಮಾಧ್ಯಮಕ್ಕೆ ಹಾಕಿದರೆ ಮಗು ಹಿಂದೆ ಬಿದ್ದೀತು ಎಂಬ ಅಂಜಿಕೆ. ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ತಿಳಿಯದೆ ಬಾಯಿಪಾಠ ಮಾಡೀತು ಎಂಬ ಅಂಜಿಕೆ. ಇವೆರಡರ ನಡುವೆ ಈಗ ಮೂರನೆಯ ಉತ್ತರವೊಂದು ಸಿಕ್ಕಿದೆ. ಅದೇ ದ್ವಿಭಾಷಾ ಶಾಲೆ. 2019-20ನೇ ಸಾಲಿನಲ್ಲಿ ರಾಜ್ಯ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. ಅಲ್ಲಿಂದ ಮುಂದೆ ಗಣಿತ, ಪರಿಸರ ಅಧ್ಯಯನದಂಥ ವಿಷಯಗಳಿಗೆ ಎರಡೂ ಭಾಷೆಗಳಲ್ಲಿ ಮುದ್ರಿಸಿದ ಪುಸ್ತಕಗಳು ಮಕ್ಕಳ ಚೀಲ ಸೇರಿದವು. ಖಾಸಗಿ ಶಾಲೆಗಳ ಫಲಕಗಳಲ್ಲೂ 'ಕನ್ನಡ ಮತ್ತು ಇಂಗ್ಲಿಷ್' ಎಂಬ ಮಾತು ಕಾಣುತ್ತದೆ. ಆದರೆ ಫಲಕದ ಹಿಂದೆ, ತರಗತಿಯೊಳಗೆ ನಡೆಯುವುದು ಒಂದೊಂದು ಶಾಲೆಯಲ್ಲಿ ಒಂದೊಂದು ರೀತಿ.

ಈ ಆಯ್ಕೆಯನ್ನು ಹಗುರವಾಗಿ ನೋಡುವಂತಿಲ್ಲ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲಿಯೇ ಕೊನೆಯ ಸ್ಥಾನದಲ್ಲಿತ್ತು. ಪಾಸಾದವರು ಶೇಕಡಾ 42ರ ಆಸುಪಾಸು. ಶಿಕ್ಷಕರ ಕೊರತೆ, ಬಡತನ, ಮುಂಬೈ-ಪುಣೆ-ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳ ಪಾಡು, ಹೀಗೆ ಕಾರಣಗಳು ಹಲವು. ಆದರೆ ಹತ್ತು ವರ್ಷ ತರಗತಿಯಲ್ಲಿ ಕುಳಿತೂ ಪಾಠದ ಭಾಷೆ ತನ್ನದಾಗದ ಮಗು ಈ ಭಾರಗಳ ಜೊತೆಗೆ ಇನ್ನೊಂದು ಭಾರವನ್ನೂ ಹೊತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಊರಿಗೆ ಹೊಸದಲ್ಲದ ಪ್ರಶ್ನೆ

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಎಂಬುದು ಕಲಬುರಗಿಗೆ ಹೊಸ ಅನುಭವವೇನಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಬಹುಪಾಲು ಜನರ ಮಾತು ತೆಲುಗು, ಮರಾಠಿ, ಕನ್ನಡ. ಆಡಳಿತದ ಮತ್ತು ಮೇಲಿನ ತರಗತಿಗಳ ಭಾಷೆ ಮಾತ್ರ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲಿಯೇ ಕಲಿಸಿತು. ಅದಕ್ಕಾಗಿ ಅನುವಾದದ ಒಂದು ವಿಭಾಗವನ್ನೇ ತೆರೆದು, ಇಂಗ್ಲಿಷಿನ ಪಠ್ಯಗಳನ್ನು ಉರ್ದುವಿಗೆ ತರಿಸಿ, ಪಾರಿಭಾಷಿಕ ಪದಗಳನ್ನು ಟಂಕಿಸಲಾಯಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿಜ್ಞಾನ ಕಲಿಸಬಹುದೆಂದು ತೋರಿಸಿದ ದೊಡ್ಡ ಸಾಹಸ ಅದು. ಉರ್ದು ಮನೆಮಾತಿನವರಿಗೆ ಅದು ತಾಯಿನುಡಿಯ ಶಿಕ್ಷಣ. ಕನ್ನಡ ಮನೆಮಾತಿನ ಹುಡುಗನಿಗಾದರೋ ಅದೂ ಪರಭಾಷೆಯೇ.

ಆ ಕಾಲದಲ್ಲಿಯೂ ಇಲ್ಲಿ ಬೇರೆ ದಾರಿ ಹುಡುಕಿದವರಿದ್ದರು. 1907ರಲ್ಲಿ ನೂತನ ವಿದ್ಯಾಲಯ ಆರಂಭವಾಯಿತು. 1934ರಲ್ಲಿ, ಬ್ರಹ್ಮಪುರದಲ್ಲಿ ಗುಡಿ ಇರುವ ಶರಣಬಸವೇಶ್ವರರ ಹೆಸರಿನಲ್ಲಿಯೇ ವಿದ್ಯಾವರ್ಧಕ ಸಂಘ ಹುಟ್ಟಿಕೊಂಡಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. ಉರ್ದುವಿನಲ್ಲಿ ಲೆಕ್ಕ ಕಲಿತ ತಂದೆಯ ಮಗ ಕನ್ನಡದಲ್ಲಿ ಲೆಕ್ಕ ಕಲಿತ. ಅವನ ಮಗಳು ಇಂಗ್ಲಿಷಿನಲ್ಲಿ ಕಲಿಯುತ್ತಿದ್ದಾಳೆ. ಮೂರು ತಲೆಮಾರಿಗೆ ಮೂರು ಮಾಧ್ಯಮ! ಅಜ್ಜನ ಪಾಠವನ್ನು ಮೊಮ್ಮಗಳಿಗೆ ಹೇಳಿಕೊಡಲು ಬಾರದ ಮನೆಗಳು ಈ ಊರಿನಲ್ಲಿ ಎಷ್ಟಿಲ್ಲ?

ಆಡುವ ಭಾಷೆ, ಓದುವ ಭಾಷೆ

ದ್ವಿಭಾಷಾ ಶಿಕ್ಷಣದ ಬಗ್ಗೆ ಕೆಲಸ ಮಾಡಿದವರಲ್ಲಿ ಕೆನಡಾದ ಜಿಮ್ ಕಮಿನ್ಸ್ ಪ್ರಮುಖರು. ವಲಸೆ ಬಂದ ಮಕ್ಕಳ ಕಲಿಕೆಯನ್ನು ಪರಿಶೀಲಿಸಿದ ಅವರು 1979ರಿಂದೀಚೆಗೆ ಒಂದು ಮುಖ್ಯ ವ್ಯತ್ಯಾಸವನ್ನು ಎತ್ತಿ ತೋರಿಸಿದರು. ಹೊಸ ಭಾಷೆಯಲ್ಲಿ ಆಟದ ಬಯಲಿನ ಮಾತು ಬರಲು ಸುಮಾರು ಎರಡು ವರ್ಷ ಸಾಕು. ಆದರೆ ಅದೇ ಭಾಷೆಯಲ್ಲಿ ಪಾಠ ಓದಿ, ಕಾರಣ ಹುಡುಕಿ, ಉತ್ತರ ಬರೆಯುವಷ್ಟು ಶಕ್ತಿ ಬರಲು ಐದರಿಂದ ಏಳು ವರ್ಷ ಬೇಕು. ಮಗು ಪಟಪಟನೆ ಮಾತಾಡುತ್ತದೆ ಎಂದು ಪಾಲಕರು ಹಿಗ್ಗುವ ಹೊತ್ತಿಗೆ ಪಾಠದ ಭಾಷೆ ಇನ್ನೂ ಅರ್ಧ ದಾರಿಯಲ್ಲಿರುತ್ತದೆ.

ಒಂದು ಉದಾಹರಣೆ ನೋಡೋಣ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೆ? ಕಲಬುರಗಿಯ ಮಗುವಿಗೆ ಈ ಸಂಗತಿ ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಇಂಗ್ಲಿಷ್ ಮಾಧ್ಯಮದ ಐದನೆಯ ತರಗತಿಯ ಹುಡುಗ 'ಇವ್ಯಾಪೊರೇಷನ್ ಕಾಸಸ್ ಕೂಲಿಂಗ್' ಎಂದು ಥಟ್ಟನೆ ಒಪ್ಪಿಸಬಹುದು. ಪರೀಕ್ಷೆಯಲ್ಲಿ ಅಂಕವೂ ಬರಬಹುದು. ಮುಂದಿನ ಪ್ರಶ್ನೆ ಕೇಳಿ: ಹಾಗಾದರೆ ಮಳೆಗಾಲದಲ್ಲಿ ಅದೇ ಗಡಿಗೆಯ ನೀರು ಅಷ್ಟು ತಣ್ಣಗಾಗುವುದಿಲ್ಲವಲ್ಲ, ಯಾಕೆ? ಗಡಿಗೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ನೀರು ಬೇಗ ಆವಿಯಾಗುವುದಿಲ್ಲ. ಇಷ್ಟನ್ನು ಯೋಚಿಸಿ ಹೇಳಬೇಕಾದರೆ ಮಗುವಿಗೆ ಒಂದಾದರೂ ಭಾಷೆ ಪೂರ್ತಿ ಕೈವಶವಾಗಿರಬೇಕು. 'ಮಳಿಗಾಲದಾಗ ಗಾಳಿನೇ ಹಸಿ ಇರ್ತದರಿ' ಎಂದು ಮನೆಯ ಮಾತಿನಲ್ಲಿ ಹೇಳಿದ ಹುಡುಗಿಗೆ ವಿಜ್ಞಾನ ತಿಳಿದಿದೆ. ಅವಳಿಗೆ 'ಆರ್ದ್ರತೆ' ಎಂಬ ಪದವನ್ನೂ 'ಹ್ಯುಮಿಡಿಟಿ' ಎಂಬ ಪದವನ್ನೂ ಕೊಡುವುದು ಶಾಲೆಯ ಕೆಲಸ. ಒಳ್ಳೆಯ ದ್ವಿಭಾಷಾ ಶಾಲೆ ಮಾಡುವುದು ಇದನ್ನೇ. ಅದು ತಿಳಿದ ಭಾಷೆಯ ಮೇಲೆ ಇನ್ನೊಂದನ್ನು ಕಟ್ಟುತ್ತದೆ. ಮೊದಲಿನದನ್ನು ಕೆಡವಿ ಅಲ್ಲ.

ಕೂಡುವುದೋ, ಕಳೆಯುವುದೋ?

1965ರಲ್ಲಿ ಕೆನಡಾದ ಮಾಂಟ್ರಿಯಲ್ ಸಮೀಪದ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಿಶುವಿಹಾರದಿಂದಲೇ ಫ್ರೆಂಚಿನಲ್ಲಿ ಪಾಠ ಶುರುವಾಯಿತು. ಮಕ್ಕಳು ಫ್ರೆಂಚ್ ಕಲಿತರು, ಇಂಗ್ಲಿಷನ್ನೂ ಕಳೆದುಕೊಳ್ಳಲಿಲ್ಲ. 'ಎಳವೆಯಿಂದಲೇ ಪರಭಾಷೆಯಲ್ಲಿ ಕಲಿಸಬಹುದು' ಎನ್ನುವವರು ಈ ಪ್ರಯೋಗದತ್ತ ಬೆರಳು ತೋರಿಸುತ್ತಾರೆ. ಆದರೆ ಆ ಮಕ್ಕಳಿಗೆ ಇಂಗ್ಲಿಷ್ ಮನೆಯಲ್ಲಿತ್ತು, ಪುಸ್ತಕದಲ್ಲಿತ್ತು, ರೇಡಿಯೋದಲ್ಲಿತ್ತು, ಪಾಲಕರು ಓದಿದವರು. ಕೆಲ ವರ್ಷಗಳ ನಂತರ ಶಾಲೆಯೂ ಇಂಗ್ಲಿಷ್ ಓದು-ಬರಹ ಕಲಿಸಿತು. ಈ ಪ್ರಯೋಗವನ್ನು ಅಧ್ಯಯನ ಮಾಡಿದ ವ್ಯಾಲೇಸ್ ಲ್ಯಾಂಬರ್ಟ್ ದ್ವಿಭಾಷಿಕತೆಯಲ್ಲಿ ಎರಡು ಬಗೆ ಗುರುತಿಸಿದರು. ಇದ್ದ ಭಾಷೆಗೆ ಇನ್ನೊಂದನ್ನು ಕೂಡುವುದು ಒಂದು; ಇದ್ದುದನ್ನು ಕಳೆದು ಇನ್ನೊಂದನ್ನು ಇಡುವುದು ಮತ್ತೊಂದು. ಮನೆಯಲ್ಲಿ ಕನ್ನಡ ಪುಸ್ತಕವಿಲ್ಲ, ಶಾಲೆಯಲ್ಲಿ ಕನ್ನಡಕ್ಕೆ ವಾರಕ್ಕೆ ಮೂರು ಅವಧಿ, ಉಳಿದೆಲ್ಲ ಇಂಗ್ಲಿಷು ಎಂದಾದರೆ ಅದು ಎರಡನೆಯ ಬಗೆ. ಫಲಕದಲ್ಲಿ ಏನೇ ಬರೆದಿದ್ದರೂ ಸರಿಯೇ.

ನೌಕರಿಯ ಮೇಲೆ ದೂರದ ದೇಶಕ್ಕೆ ಹೋಗುವ ಕುಟುಂಬಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಫ್ರಾನ್ಸಿನ ಉದಾಹರಣೆ ತೆಗೆದುಕೊಳ್ಳಬಹುದು. ಅಲ್ಲಿ ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಕಡ್ಡಾಯ ಶಿಕ್ಷಣದ ವಯಸ್ಸನ್ನು 2019ರಲ್ಲಿ ಆರರಿಂದ ಮೂರಕ್ಕೆ ಇಳಿಸಲಾಯಿತು. ಫ್ರೆಂಚ್ ಬಾರದೆ ಬಂದ ದೊಡ್ಡ ಮಕ್ಕಳನ್ನು ಸಾಮಾನ್ಯ ತರಗತಿಗೇ ಸೇರಿಸಿ, ಕೆಲವು ಅವಧಿ ಫ್ರೆಂಚ್ ಕಲಿಸುವ ಪ್ರತ್ಯೇಕ ಘಟಕದಲ್ಲಿ ಕೂರಿಸುವ ಪದ್ಧತಿ ಇದೆ. ಕೆಲವು ಶಾಲೆಗಳಲ್ಲಿ 1981ರಿಂದ ಅಂತರರಾಷ್ಟ್ರೀಯ ವಿಭಾಗಗಳಿವೆ. ಇಂಗ್ಲಿಷ್, ಜರ್ಮನ್, ಅರಬ್ಬಿ, ಚೀನಿಯಂಥ ಭಾಷೆಯೊಂದರಲ್ಲಿ ವಾರಕ್ಕೆ ಕೆಲವು ಗಂಟೆ ಪಾಠ ನಡೆಯುತ್ತದೆ. ಕನ್ನಡಕ್ಕೆ ಅಂಥ ವಿಭಾಗವಿಲ್ಲ. ಹೀಗಾಗಿ ಅಲ್ಲಿ 'ದ್ವಿಭಾಷಾ ಶಾಲೆ' ಸೇರಿದ ಕನ್ನಡದ ಮಗುವಿಗೆ ಶಾಲೆಯ ಎರಡು ಭಾಷೆಗಳೂ ಪರಭಾಷೆಗಳೇ. ನಾಲ್ಕು ವರ್ಷದ ಮಗು ಫ್ರೆಂಚನ್ನು ಬೇಗ ಹಿಡಿಯುತ್ತದೆ, ಕನ್ನಡವನ್ನು ಬೇಗ ಬಿಡುತ್ತದೆ. ಹನ್ನೆರಡರ ಮಗು ಕನ್ನಡ ಮರೆಯುವುದಿಲ್ಲ, ಆದರೆ ಪಾಠದ ಫ್ರೆಂಚ್ ಕೈಗೂಡಲು ಅದಕ್ಕಿರುವ ಕಾಲ ಕಡಿಮೆ. ಚಿಕ್ಕದಕ್ಕೆ ಮನೆಯಲ್ಲಿ ಕನ್ನಡ ಓದಿಸಬೇಕು. ದೊಡ್ಡದಕ್ಕೆ ಹೊಸ ಭಾಷೆಯಲ್ಲಿ ನೆರವು ಹುಡುಕಬೇಕು. ಹಳ್ಳಿಯಿಂದ ಬ್ರಹ್ಮಪುರಕ್ಕೆ ಬಂದು ಇಂಗ್ಲಿಷ್ ತರಗತಿ ಸೇರುವ ಮಕ್ಕಳ ಮಾತೂ ಇದಕ್ಕಿಂತ ಬೇರೆಯಲ್ಲ.

ಮನೆಯ ಮಾತು ಯಾವುದು?

'ಕನ್ನಡ-ಇಂಗ್ಲಿಷ್ ಶಾಲೆ' ಎನ್ನುವಾಗ ಮಗುವಿನ ಮನೆಮಾತು ಕನ್ನಡವೆಂದು ನಾವು ಹಿಡಿದುಬಿಡುತ್ತೇವೆ. ಕಲಬುರಗಿಯಲ್ಲಿ ಅದು ಎಲ್ಲರ ಮಟ್ಟಿಗೆ ನಿಜವಲ್ಲ. ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಅದಕ್ಕೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಉರ್ದು, ಮರಾಠಿ, ತೆಲುಗು ಮನೆಮಾತಿನ ಮಕ್ಕಳೂ ಇಲ್ಲಿದ್ದಾರೆ. ಕನ್ನಡದ ಮನೆಯಲ್ಲಿಯೂ ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. 'ಜಲ್ದಿ ಬಾ', 'ಖರೆ ಹೇಳು' ಎನ್ನುವ ಮಗುವಿಗೆ 'ಶೀಘ್ರ', 'ಸತ್ಯ' ಹೊಸ ಪದಗಳು. ಮೊದಲೆರಡು ವರ್ಷ ಮಗುವಿನ ಮಾತನ್ನು ತಪ್ಪೆಂದು ಗದರದೆ, ಅದನ್ನೇ ಹಿಡಿದುಕೊಂಡು ಪುಸ್ತಕದ ಭಾಷೆಗೆ ಕರೆದೊಯ್ಯುವ ಶಿಕ್ಷಕಿ ಸಿಕ್ಕರೆ ಅದು ಮಗುವಿನ ಪುಣ್ಯ. ಲಂಬಾಣಿ ಬಲ್ಲ ಶಿಕ್ಷಕರೊಬ್ಬರು ಶಾಲೆಯಲ್ಲಿದ್ದಾರೆಯೇ ಎಂದು ತಾಂಡಾದ ಪಾಲಕರು ಧೈರ್ಯವಾಗಿ ಕೇಳಬೇಕು.

ಕಾಯ್ದೆ ಏನು ಹೇಳುತ್ತದೆ?

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಕರ್ನಾಟಕ ಸರ್ಕಾರ 1994ರಲ್ಲಿ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ಆದೇಶಿಸಿತು. ವ್ಯಾಜ್ಯ ಇಪ್ಪತ್ತು ವರ್ಷ ನಡೆಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಪಾಲಕರೇ ಎಂದು ತೀರ್ಪಿತ್ತಿತು. ಇನ್ನು 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ, ಮಾಧ್ಯಮ ಯಾವುದೇ ಇರಲಿ, ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಒಟ್ಟಿನಲ್ಲಿ ಆಯ್ಕೆಯ ಹಕ್ಕು ಪಾಲಕರಿಗೆ ಬಂದಿದೆ. ಹಕ್ಕಿನ ಜೊತೆಗೆ ವಿಚಾರಿಸಿ ನೋಡುವ ಹೊಣೆಯೂ ಬಂದಿದೆ.

ಶಾಲೆಯಲ್ಲಿ ಕೇಳಬೇಕಾದ್ದು

ಕಟ್ಟಡ, ಬಸ್ಸು, ಸಮವಸ್ತ್ರ ನೋಡಿ ಬರುವ ಬದಲು ಪಾಲಕರು ಕೆಲವು ಪ್ರಶ್ನೆಗಳನ್ನು ಕೇಳಿದರೆ ಹೆಚ್ಚು ಉಪಯೋಗ. ಯಾವ ವಿಷಯ ಯಾವ ಭಾಷೆಯಲ್ಲಿ, ವಾರಕ್ಕೆ ಎಷ್ಟು ಅವಧಿ? ವೇಳಾಪಟ್ಟಿಯನ್ನೇ ತೋರಿಸಲು ಹೇಳಬೇಕು. ವಿಜ್ಞಾನ, ಗಣಿತ ಕಲಿಸುವವರು ಎರಡೂ ಭಾಷೆಯಲ್ಲಿ ವಿವರಿಸಬಲ್ಲರೇ, ಅಥವಾ ಇಂಗ್ಲಿಷ್ ವಾಕ್ಯವನ್ನು ಓದಿ ಬರೆಸುವುದಷ್ಟೇ ನಡೆಯುತ್ತದೆಯೇ? ಪರೀಕ್ಷೆಯಲ್ಲಿ ಮಗು ಯಾವ ಭಾಷೆಯಲ್ಲಿ ಉತ್ತರಿಸಬಹುದು? ಕನ್ನಡ ಮಾತಾಡಿದರೆ ದಂಡವೇ? ದಂಡವಿದ್ದಲ್ಲಿ ಮಗು ಇಂಗ್ಲಿಷ್ ಕಲಿಯುವ ಮೊದಲು ಸುಮ್ಮನಿರುವುದನ್ನು ಕಲಿಯುತ್ತದೆ. ಗ್ರಂಥಾಲಯದಲ್ಲಿ ಕನ್ನಡ ಕಥೆ ಪುಸ್ತಕಗಳು ಇವೆಯೇ, ಮಕ್ಕಳ ಕೈಗೆ ಬರುತ್ತವೆಯೇ? ಐದನೆಯ, ಎಂಟನೆಯ ತರಗತಿಗೆ ಬಂದಾಗ ಮಾಧ್ಯಮ ಬದಲಾಗುತ್ತದೆಯೇ? ದಾಖಲೆಯಲ್ಲಿ ಮಾಧ್ಯಮ ಯಾವುದೆಂದು ಬರೆಯುತ್ತಾರೆ? ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರ ಮೀಸಲಾತಿ ಇರುವುದರಿಂದ ಕೊನೆಯ ಪ್ರಶ್ನೆಯೂ ಚಿಕ್ಕದಲ್ಲ.

ಸಾಧ್ಯವಾದರೆ ನಾಲ್ಕನೆಯ ತರಗತಿಯಲ್ಲಿ ಅರ್ಧ ಗಂಟೆ ಕುಳಿತು ಬರಲು ಅನುಮತಿ ಕೇಳಬೇಕು. ಅಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಿದ್ದರೆ, ಅದು ಯಾವ ಭಾಷೆಯಲ್ಲಿಯೇ ಆಗಲಿ, ಶಾಲೆ ಒಳ್ಳೆಯದು. ಶಿಕ್ಷಕರು ಹೇಳಿದ್ದನ್ನು ಒಕ್ಕೊರಲಿನಿಂದ ಒಪ್ಪಿಸುವುದಷ್ಟೇ ಕೇಳಿಬಂದರೆ ಇನ್ನೊಂದು ಶಾಲೆ ನೋಡುವುದು ಮೇಲು.

ಸೇರಿಸಿದ ಮೇಲೆ ಪಾಲಕರ ಕೆಲಸ ಮುಗಿಯುವುದಿಲ್ಲ. ದಿನಕ್ಕೆ ಒಂದು ಪುಟವಾದರೂ ಮನೆಮಾತಿನಲ್ಲಿ ಓದಿಸಬೇಕು. ಓದಲು ಬಾರದ ತಾಯಿ ಇಂದು ಏನು ಕಲಿತೆ ಎಂದು ತನ್ನ ಮಾತಿನಲ್ಲಿಯೇ ಕೇಳಿದರೂ ಸಾಕು, ಮಗು ಪಾಠವನ್ನು ಎರಡನೆಯ ಸಲ ಯೋಚಿಸುತ್ತದೆ. ದಸರಾ ರಜೆಯ ಹೊತ್ತಿಗೆ ವಿಜ್ಞಾನದ ಒಂದು ಪಾಠವನ್ನು ಎರಡೂ ಭಾಷೆಗಳಲ್ಲಿ ವಿವರಿಸಲು ಹೇಳಿ ನೋಡಬೇಕು. ಒಂದರಲ್ಲಿ ಸಲೀಸಾಗಿ, ಇನ್ನೊಂದರಲ್ಲಿ ತಡವರಿಸುತ್ತ ಹೇಳಿದರೆ ಚಿಂತೆಯಿಲ್ಲ, ಅದು ಬೆಳೆಯುವ ಲಕ್ಷಣ. ಎರಡರಲ್ಲಿಯೂ ಬಾಯಿಪಾಠದ ವಾಕ್ಯದಾಚೆ ಮಾತು ಹೊರಡದಿದ್ದರೆ ಶಿಕ್ಷಕರನ್ನು ಕಾಣಬೇಕಾದ ಸಮಯ ಅದೇ. ವರ್ಷದ ಕೊನೆಯ ಅಂಕಪಟ್ಟಿಯವರೆಗೆ ಕಾಯಬಾರದು.